‘ಸಾರಿ’ ಎಂಬ ಎರಡಕ್ಷರ

ಇಂಗ್ಲಿಷ್ ಬಾರದ ಅಜ್ಜಿಯರೂ ಇಂದು ಬಲ್ಲ ಇಂಗ್ಲಿಷ್ ಮಾತುಗಳಲ್ಲಿ ‘ಸಾರಿ’ ಎಂಬುದೊಂದು. ಕೈ ತಾಗಿದರೆ ಸಾರಿ, ಫೋನು ತಪ್ಪಿ ಬೇರೆಯವರಿಗೆ ಹೋದರೆ ಸಾರಿ, ಮನೆಗೆ ಬರಲು ತಡವಾದರೆ ಸಾರಿ. ಇದಕ್ಕೆ ‘ಕ್ಷಮಿಸಿ’ ಎಂಬುದೇ ಅರ್ಥವೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅದು ಈ ಪದದ ಅರ್ಧ ಅರ್ಥ ಮಾತ್ರ.

ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು, ಗಾಯ. ಅದರಿಂದ ‘ಸಾರಿಗ್’, ಅಂದರೆ ನೊಂದ, ಎಂಬ ರೂಪ ಹುಟ್ಟಿತು. ಅದೇ ಕಾಲಾನುಕ್ರಮದಲ್ಲಿ ಸವೆದು ‘ಸಾರಿ’ ಆಯಿತು. ಹುಣ್ಣಿನ ನೋವನ್ನು ಸೂಚಿಸುವ ‘ಸೋರ್’ ಇದರ ಒಡಹುಟ್ಟು. ದುಃಖವೆಂಬ ಅರ್ಥದ ‘ಸಾರೋ’ ಎಂಬುದು ನೋಡಲು ಇದರ ತಂಗಿಯಂತೆ ಕಂಡರೂ ಬೇರೆ ಮೂಲದ್ದು. ಹೀಗೆ ಈ ಪದದ ಮೊದಲ ಅರ್ಥ ‘ನನ್ನ ಮನಸ್ಸು ನೊಂದಿದೆ’ ಎಂದಷ್ಟೇ. ತಪ್ಪಿನ ಮಾತು ಅಲ್ಲಿಲ್ಲ. ಶೋಚನೀಯ ಸ್ಥಿತಿಯನ್ನು ಇಂಗ್ಲಿಷರು ‘ಸಾರಿ ಸ್ಟೇಟ್’ ಎನ್ನುವುದೂ ಈ ಜಾಡಿನಲ್ಲಿಯೇ. ಮಕ್ಕಳು ಹೊರದೇಶದಲ್ಲಿರುವ ನಮ್ಮ ಕುಟುಂಬಗಳವರು ಇದನ್ನು ಬಲ್ಲರು: ಮನೆಯಲ್ಲಿ ಸಾವಾದ ಸುದ್ದಿ ಕೇಳಿದ ಅಲ್ಲಿನ ನೆರೆಯವರು ‘ಸಾರಿ’ ಎನ್ನುತ್ತಾರೆ. ಅವರು ಕ್ಷಮೆ ಬೇಡುತ್ತಿಲ್ಲ, ದುಃಖದಲ್ಲಿ ಪಾಲುಗೊಳ್ಳುತ್ತಿದ್ದಾರೆ. ಅದಕ್ಕೆ ‘ಪರವಾಗಿಲ್ಲ’ ಎಂದು ಉತ್ತರಿಸಬಾರದು. ‘ಥ್ಯಾಂಕ್ಯೂ’ ಎನ್ನುವುದು ಅಲ್ಲಿನ ರೂಢಿ.

ಈ ಎರಡು ಅರ್ಥಗಳ ನಡುವಣ ಸಂದಿಯಲ್ಲಿ ದೊಡ್ಡ ರಾಷ್ಟ್ರಗಳೂ ನುಸುಳಿಕೊಂಡದ್ದುಂಟು. 2001ರ ಏಪ್ರಿಲ್ 1ರಂದು ಚೀನದ ಹೈನಾನ್ ದ್ವೀಪದ ಸಮೀಪ ಅಮೆರಿಕದ ಬೇಹುಗಾರಿಕೆಯ ವಿಮಾನವೂ ಚೀನದ ಯುದ್ಧವಿಮಾನವೂ ಡಿಕ್ಕಿ ಹೊಡೆದವು. ಚೀನದ ವೈಮಾನಿಕ ವಾಂಗ್ ವೇ ಅಸುನೀಗಿದನು. ಹೈನಾನಿನಲ್ಲಿ ಇಳಿದ ಅಮೆರಿಕದ 24 ಮಂದಿಯನ್ನು ಚೀನ ತಡೆಹಿಡಿಯಿತು. ಕ್ಷಮೆ ಕೇಳದೆ ಬಿಡುಗಡೆಯಿಲ್ಲ ಎಂದಿತು ಚೀನ. ತಪ್ಪು ನಮ್ಮದಲ್ಲ ಎಂದಿತು ಅಮೆರಿಕ. ಕೊನೆಗೆ ಅಮೆರಿಕದ ರಾಯಭಾರಿಯ ಪತ್ರದಲ್ಲಿ ‘ವೆರಿ ಸಾರಿ’ ಎಂಬ ಮಾತು ಎರಡು ಕಡೆ ಬಂದಿತು. ಚೀನ ಅದನ್ನು ಕ್ಷಮಾಯಾಚನೆಯೆಂದು ತನ್ನ ಜನರಿಗೆ ತಿಳಿಸಿತು. ಅಮೆರಿಕ ಅದು ಕ್ಷಮಾಪಣೆಯ ಪತ್ರವಲ್ಲವೆಂದು ತನ್ನವರಿಗೆ ಹೇಳಿತು. ಇಪ್ಪತ್ತನಾಲ್ವರೂ ಮನೆ ಸೇರಿದರು!

ಸಮಾನಾರ್ಥಕಗಳೆಂದು ನಿಘಂಟುಗಳು ಕೊಡುವ ಪದಗಳೂ ನಿಜವಾಗಿ ಸಮಾನವಲ್ಲ. ‘ಅಪಾಲಜಿ’ ಗ್ರೀಕ್ ಮೂಲದ್ದು; ಅಲ್ಲಿ ಅದು ತನ್ನ ಪರವಾಗಿ ಮಾಡಿಕೊಳ್ಳುವ ವಾದ. ಪ್ಲೇಟೋ ಬರೆದ ಸಾಕ್ರೆಟಿಸನ ‘ಅಪಾಲಜಿ’ಯಲ್ಲಿ ಸಾಕ್ರೆಟಿಸ್ ಯಾರ ಕ್ಷಮೆಯನ್ನೂ ಬೇಡಿಲ್ಲ. ‘ರಿಗ್ರೆಟ್’ ಎಂದರೆ ವಿಷಾದ: ಹೀಗಾದದ್ದು ನೋವಿನ ಸಂಗತಿ ಎಂದಷ್ಟೇ; ಮಾಡಿದವರು ಯಾರೆಂಬುದು ಅಲ್ಲಿ ಬಾರದು. ಅಧಿಕಾರದಲ್ಲಿರುವವರಿಗೆ ಈ ಪದ ಬಹಳ ಪ್ರಿಯ. 1919ರ ಜಲಿಯನ್‌ವಾಲಾಬಾಗ್ ಹತ್ಯಾಕಾಂಡಕ್ಕೆ ನೂರು ವರ್ಷ ತುಂಬಿದ 2019ರಲ್ಲಿ ಬ್ರಿಟಿಷ್ ಪ್ರಧಾನಿ ತೆರೇಸಾ ಮೇ ಸಂಸತ್ತಿನಲ್ಲಿ ವಿಷಾದ ಸೂಚಿಸಿದರೇ ಹೊರತು ಕ್ಷಮೆ ಕೇಳಲಿಲ್ಲ.

ಈ ಪದಗಳ ತೂಕವನ್ನು ಆಸ್ಟ್ರೇಲಿಯದ ಮೂಲನಿವಾಸಿಗಳು ಚೆನ್ನಾಗಿ ಬಲ್ಲರು. ಸುಮಾರು 1910ರಿಂದ 1970ರವರೆಗೆ ಅವರ ಅದೆಷ್ಟೋ ಮಕ್ಕಳನ್ನು ಸರ್ಕಾರದವರು ತಾಯ್ತಂದೆಗಳಿಂದ ಅಗಲಿಸಿ ಒಯ್ದಿದ್ದರು. 1997ರ ವಿಚಾರಣಾ ವರದಿಯು ಸಂಸತ್ತುಗಳು ಕ್ಷಮೆ ಕೇಳಬೇಕೆಂದಿತು. 1998ರಿಂದ ಮೇ 26ನ್ನು ಅಲ್ಲಿ ‘ಸಾರಿ ಡೇ’ ಎಂದೇ ಆಚರಿಸುತ್ತಾರೆ. ಆದರೂ 1999ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಸಂಸತ್ತಿನಲ್ಲಿ ಮಂಡಿಸಿದ ನಿರ್ಣಯದಲ್ಲಿ ಇದ್ದದ್ದು ವಿಷಾದ ಮಾತ್ರ. ಹಿಂದಿನವರ ಕೃತ್ಯಕ್ಕೆ ಇಂದಿನವರು ಹೊಣೆಯಲ್ಲವೆಂಬುದು ಅವರ ನಿಲುವು. 2008ರ ಫೆಬ್ರುವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ನಿಂತು ‘ಸಾರಿ’ ಎಂಬ ಪದವನ್ನೇ ಉಚ್ಚರಿಸಿದಾಗ, ಅದನ್ನು ಕೇಳಲೆಂದೇ ದೂರದೂರದಿಂದ ಬಂದಿದ್ದ ವೃದ್ಧರು ಕಣ್ಣೀರಿಟ್ಟರು. ಒಯ್ದ ಬಾಲ್ಯ ಮರಳಿ ಬರಲಿಲ್ಲ, ನಿಜ. ಆದರೆ ಅವರು ಕಾದಿದ್ದುದು ಆ ಎರಡಕ್ಷರಕ್ಕೇ.

ನಮ್ಮ ಕನ್ನಡದಲ್ಲಿ ‘ಸಾರಿ ಹೇಳು’ ಎಂದರೆ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳುವುದು. ಇಂಗ್ಲಿಷಿನ ಸಾರಿಯನ್ನಾದರೋ ನಾವು ಹೆಚ್ಚಾಗಿ ಗೊಣಗುತ್ತೇವೆ! ಕನ್ನಡದಲ್ಲಿ ಈ ಸಂದರ್ಭದ ಮಾತುಗಳಿಗೇನೂ ಬಡತನವಿಲ್ಲ. ‘ಕ್ಷಮಾ’ ಎಂದರೆ ತಾಳ್ಮೆ, ಎಲ್ಲವನ್ನೂ ತಾಳುವ ಭೂಮಿಗೂ ಅದೇ ಹೆಸರು. ‘ಮನ್ನಿಸು’ ಎಂಬುದಕ್ಕೆ ಗೌರವಿಸು ಎಂಬ ಅರ್ಥವೂ ಉಂಟು. ‘ತಪ್ಪಾಯಿತು’ ಎಂಬುದರಲ್ಲಿ ನುಣುಚಿಕೊಳ್ಳುವುದಕ್ಕೆ ಎಡೆಯೇ ಇಲ್ಲ. ಮದುವೆ ಮುಗಿಸಿ ಹೊರಟ ಬೀಗರಿಗೆ ನಮ್ಮ ಹಿರಿಯರು ಹೇಳುವ ‘ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ’ ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಸಾಟಿಯುಂಟೆಂದು ನಮಗೆ ತೋರುವುದಿಲ್ಲ.

ಹಾಗೆಂದು ‘ಸಾರಿ’ಯನ್ನು ಮನೆಯಿಂದ ಅಟ್ಟಬೇಕೆಂದು ನಾವು ಹೇಳೆವು. ಅತ್ತೆ ಸೊಸೆಗೆ, ತಂದೆ ಮಗನಿಗೆ ‘ತಪ್ಪಾಯಿತು’ ಎನ್ನುವುದು ನಮ್ಮ ಮನೆಗಳಲ್ಲಿ ಅಪರೂಪ. ಆ ಮಾತು ಹಿರಿಯರ ನಾಲಿಗೆಗೆ ಭಾರ. ‘ಸಾರಿ’ ಹಗುರವಾದುದರಿಂದ ಅವರಿಗೂ ಅದು ಎಟುಕಿದೆ. ‘ಸಾರಿ ಕಣಪ್ಪಾ, ನೀನು ಹೇಳಿದ್ದೇ ಸರಿ’ ಎಂದು ಹತ್ತು ವರ್ಷದ ಮಗನಿಗೆ ಹೇಳುವ ತಂದೆಯನ್ನು ನಮ್ಮ ಅಜ್ಜಂದಿರ ಕಾಲದಲ್ಲಿ ಹುಡುಕಿದ್ದರೂ ಸಿಕ್ಕುತ್ತಿರಲಿಲ್ಲ.