ಡಿ ಡ್ರೈವ್‌ನಲ್ಲಿ ಯಾರಿದ್ದರು?

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಳ್ಳಲು ಹೋದವರು ಕೇಳುವುದು ಇಷ್ಟೇ: ರ‍್ಯಾಮ್ ಎಷ್ಟು, ಐ3 ಇದೆಯೋ ಐ5 ಇದೆಯೋ, ಬ್ಯಾಟರಿ ಎಷ್ಟು ಹೊತ್ತು ಬರುತ್ತೆ. ಕೊನೆಗೆ ‘ಇನ್ನೊಂದು ಐನೂರು ಬಿಡಿ ಸಾರ್’. ಶಿವಮೊಗ್ಗದ ದುರ್ಗಿಗುಡಿಯಿರಲಿ, ನೆಹರೂ ರಸ್ತೆಯಿರಲಿ, ವ್ಯಾಪಾರ ಇಲ್ಲಿಗೆ ಮುಗಿಯುತ್ತದೆ. ಮನೆಗೆ ತಂದು ಮೈ ಕಂಪ್ಯೂಟರ್ ತೆರೆದಾಗ ಸಿ, ಡಿ, ಇ, ಎಫ್ ಅಂತ ನಾಲ್ಕು ಪಾಲು ಕಾಣುತ್ತವೆ. ಸಿ ತುಂಬಿ ಕೆಂಪಾಗಿರುತ್ತದೆ, ಎಫ್ ಖಾಲಿ ಬಿದ್ದಿರುತ್ತದೆ, ಡಿಯಲ್ಲಿ ಯಾರದೋ ಮಗುವಿನ ನಾಮಕರಣದ ಫೋಟೊ. ಆಗ ಹುಡುಕಾಟ ಶುರುವಾಗುತ್ತದೆ: ಇದನ್ನೆಲ್ಲ ತೆಗೆದು ಒಂದು ಮಾಡಿಕೊಡುವವರು ಯಾರಿದ್ದಾರೆ?

ಭದ್ರಾವತಿಯ ಪೇಪರ್‌ಟೌನ್ ಕಡೆ ಹಾಗೆ ಮಾಡಿಕೊಡುವ ಒಬ್ಬರಿದ್ದಾರೆ ಎಂದು ಗೆಳೆಯರು ಹೇಳಿದ್ದರು. ಅರವತ್ತು ದಾಟಿದವರು, ಮೈಸೂರು ಕಾಗದ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕಂಪ್ಯೂಟರ್ ರಿಪೇರಿಯ ಬೋರ್ಡು ಹಾಕಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮುಚ್ಚಳ ತೆಗೆದ ಕ್ಯಾಬಿನೆಟ್‌ಗಳು ಗೋಡೆಗೆ ಒರಗಿವೆ. ಹೆಸರು ಬರೆಯಬೇಡಿ ಎಂದು ಮೊದಲೇ ಷರತ್ತು ಹಾಕಿದರು. ‘ಊರವರ ಡಿಸ್ಕೆಲ್ಲ ನನ್ನ ಟೇಬಲ್ ಮೇಲೆ ಬಿಚ್ಚಿಕೊಳ್ಳುತ್ತೆ. ಪೇಪರಲ್ಲಿ ಹೆಸರು ಬಂತು ಅಂದ್ರೆ ನಾಳೆ ಯಾರು ಧೈರ್ಯವಾಗಿ ತಂದುಕೊಡ್ತಾರೆ ಹೇಳಿ?’ ಎಂದರು.

ನಾನು ಹೋಗಿದ್ದು ಅವರು ಡಿಸ್ಕನ್ನು ‘ಓದುತ್ತಾರೆ’ ಎಂದು ಕೇಳಿ. ಒಳಗಿನ ಫೈಲುಗಳನ್ನು ಅವರು ಮುಟ್ಟುವುದಿಲ್ಲ, ಪಾಲುಗಳನ್ನು ಮಾತ್ರ ನೋಡುತ್ತಾರೆ. ಸರಿಸಮನಾದ ನಾಲ್ಕು ಪಾಲುಗಳಿದ್ದರೆ ಅದು ಸ್ಥಳೀಯವಾಗಿ ಜೋಡಿಸಿದ ‘ಅಸೆಂಬಲ್ಡ್ ಸಿಸ್ಟಂ’. 80 ಜಿಬಿ ಡಿಸ್ಕಿನ ಕಾಲದಲ್ಲಿ ನಮ್ಮ ಕಡೆಯ ಹುಡುಗರೆಲ್ಲ ಹಾಗೇ ಕೊಯ್ಯುತ್ತಿದ್ದರು: ಸಿಗೆ ವಿಂಡೋಸ್, ಡಿಗೆ ಡ್ರೈವರ್ ಮತ್ತು ಸಾಫ್ಟ್‌ವೇರ್, ಇಗೆ ಹಾಡು, ಎಫ್‌ಗೆ ಸಿನಿಮಾ. ಅದರಲ್ಲೊಂದು ಜಾಣತನವಿತ್ತು. ವೈರಸ್ ಬಂದು ಸಿ ಕೆಟ್ಟರೆ ಅದನ್ನಷ್ಟೇ ಫಾರ್ಮ್ಯಾಟ್ ಮಾಡಿದರಾಯಿತು, ಹಾಡು ಸಿನಿಮಾ ಉಳಿಯುತ್ತವೆ. ಮೊದಲಲ್ಲೇ 100 ಎಂಬಿಯ ಒಂದು ಚೂರು ‘ಸಿಸ್ಟಂ ರಿಸರ್ವ್ಡ್’ ಎಂದಿದ್ದರೆ ವಿಂಡೋಸ್ 7 ಇದ್ದ ಯಂತ್ರ. ಸಿ ಪಕ್ಕದಲ್ಲಿ 450 ಎಂಬಿಯ ರಿಕವರಿ ಪಾಲೊಂದು, ಕೊನೆಯಲ್ಲಿ ಮತ್ತೊಂದು ಇದ್ದರೆ ಹಳೆಯದರ ಮೇಲೇ ವಿಂಡೋಸ್ 10 ಅಪ್‌ಗ್ರೇಡ್ ಆಗಿರುವ ಸಾಧ್ಯತೆ ಹೆಚ್ಚು. ವಿಂಡೋಸಿಗೆ ಗುರುತೇ ಸಿಗದ ಒಂದು ದೊಡ್ಡ ಪಾಲು, ಅದರ ಬಗಲಲ್ಲಿ ‘ಸ್ವಾಪ್’ ಎಂಬ ಸಣ್ಣದೊಂದು ಇದ್ದರೆ? ‘ಎಂಜಿನಿಯರಿಂಗ್ ಹುಡುಗನದು. ಪ್ರಾಜೆಕ್ಟಿಗೆ ಉಬುಂಟು ಹಾಕ್ಕೊಂಡಿದಾನೆ, ಕೋರ್ಸ್ ಮುಗಿದ ಮೇಲೆ ಮಾರಿದಾನೆ.’

ಅಂಥ ಲ್ಯಾಪ್‌ಟಾಪುಗಳೇ ಅವರಿಗೆ ಹೆಚ್ಚು ಕೆಲಸ ಕೊಟ್ಟಿವೆಯಂತೆ. ಕೊಂಡವರು ‘ಈ ಲಿನಕ್ಸ್ ಪಾಲು ಯಾಕೆ’ ಎಂದು ವಿಂಡೋಸ್ ಒಳಗಿಂದಲೇ ಅಳಿಸಿಬಿಡುತ್ತಾರೆ. ಬೂಟ್ ಮಾಡುವ ಗ್ರಬ್‌ನ ಮುಕ್ಕಾಲು ಭಾಗ ಆ ಪಾಲಿನಲ್ಲೇ ಇರುತ್ತದೆ. ಮರುದಿನ ಬೆಳಿಗ್ಗೆ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ ನಿಂತಿರುತ್ತವೆ. ವಿಂಡೋಸ್ ಒಳಗೆ ಸುರಕ್ಷಿತವಾಗಿದೆ, ಅದನ್ನು ತಲುಪುವ ದಾರಿ ಮಾತ್ರ ಇಲ್ಲ. ಅಳಿಸುವ ಮೊದಲು ವಿಂಡೋಸಿನ ಬೂಟ್‌ಲೋಡರನ್ನು ಮತ್ತೆ ಕೂರಿಸಬೇಕಿತ್ತು.

ಈ ಕಸುಬಿನ ಸ್ಥಳೀಯ ಚರಿತ್ರೆ ಎಲ್ಲೂ ಬರೆದಿಟ್ಟದ್ದಲ್ಲ. ಅವರ ಬಾಯಲ್ಲಿ ಕೇಳಿದ್ದನ್ನೇ ಹೇಳುವುದಾದರೆ, ಊರಿನ ರೇಡಿಯೊ, ಟೀವಿ ರಿಪೇರಿಯವರೇ ಮೊದಲು ಕಂಪ್ಯೂಟರಿಗೆ ಕೈ ಹಾಕಿದ್ದು. ಬಿಡಿಭಾಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬಸ್ಸಿನ ಡಿಕ್ಕಿಯಲ್ಲಿ ಬರುತ್ತಿತ್ತು, ಈಗಲೂ ಬರುತ್ತದೆ. ಭದ್ರಾವತಿ ಕಾರ್ಖಾನೆಗಳ ಊರು. ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು, ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾಯಿತು. ಕ್ವಾರ್ಟರ್ಸಿನ ಮಕ್ಕಳಿಗೆ ಯಂತ್ರ ಬಿಚ್ಚಿ ನೋಡುವ ಚಟ ಹುಟ್ಟಿನಿಂದಲೇ ಬಂದದ್ದು ಎಂಬುದು ಅವರ ವಾದ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಸ್ವಯಂ ನಿವೃತ್ತಿ ಪಡೆದವರಲ್ಲಿ ಕೆಲವರು ಊರು ಬಿಟ್ಟರು, ಕೆಲವರು ಅಂಗಡಿ ಇಟ್ಟರು. ಇವರು ಮಗ ಬಿಟ್ಟುಹೋಗಿದ್ದ ಕಂಪ್ಯೂಟರಿನ ಮುಂದೆ ಕೂತರು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆಯನ್ನು, ಅಂದರೆ ಈಗಿನ ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನದ ಸುದ್ದಿ ಬಂದು ಊರೆಲ್ಲ ಬೀದಿಗಿಳಿದಾಗಲೂ ಈ ಟೇಬಲ್ ಮುಂದೆ ಗಿರಾಕಿ ಕೂತಿದ್ದರಂತೆ.

ಪಾಲು ತೆಗೆಯುವುದೆಂದರೆ ಏನು ಎಂದು ಕೇಳಿದಾಗ ಅವರು ಹೊಲದ ಮಾತಿನಲ್ಲಿ ಹೇಳಿದರು. ‘ಪಹಣಿಯಲ್ಲಿ ನಿಮ್ಮ ಹೆಸರು ಹೊಡೆದುಹಾಕಿದ್ರೆ ಗದ್ದೆಯಲ್ಲಿರೋ ಬೆಳೆ ಹೋಗುತ್ತಾ?’ ಇದಕ್ಕಿಂತ ಸಲೀಸಾದ ವಿವರಣೆ ನನಗೆ ಬೇರೆ ಸಿಕ್ಕಿಲ್ಲ. ಹಳೆಯ ಬಗೆಯ ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನಲ್ಲಿ 512 ಬೈಟ್ ಜಾಗವಿದೆ. ಅದರಲ್ಲಿ 64 ಬೈಟ್ ಮಾತ್ರ ಪಾಲುಗಳ ಪಟ್ಟಿಗೆ. ಒಂದೊಂದು ನಮೂದಿಗೆ 16 ಬೈಟ್, ಹಾಗಾಗಿ ನಾಲ್ಕೇ ಪಾಲು. ಐದನೆಯದು ಬೇಕಾದರೆ ನಾಲ್ಕರಲ್ಲಿ ಒಂದನ್ನು ‘ಎಕ್ಸ್‌ಟೆಂಡೆಡ್’ ಮಾಡಿ ಅದರೊಳಗೆ ಮರಿ ಪಾಲು ಹಾಕಬೇಕು. ನಾಲ್ಕು ನಮೂದುಗಳ ಈ ಪಟ್ಟಿ 1983ರ ಡಾಸ್ ಕಾಲದಿಂದ ಬಂದದ್ದು. ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಜಾಗವಿರುತ್ತದೆ. ‘ಡಿಲೀಟ್ ವಾಲ್ಯೂಮ್’ ಒತ್ತಿದಾಗ ಹೋಗುವುದು ಈ ನಮೂದು. ಫೋಟೊ, ಪತ್ರ, ಪಾಸ್‌ವರ್ಡ್ ಎಲ್ಲ ಇದ್ದಲ್ಲೇ ಇರುತ್ತವೆ.

ಅವರ ಕೈಚಳಕ ನೋಡಬೇಕಾದದ್ದು ಎರಡು ಪಾಲನ್ನು ಒಂದು ಮಾಡುವಾಗ. ಗಿರಾಕಿ ಮನೆಯಲ್ಲಿ ಡಿ ಅಳಿಸಿರುತ್ತಾರೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅಲ್ಲಿ ಹಸಿರು ಚೌಕಟ್ಟಿನೊಳಗೆ ‘ಫ್ರೀ ಸ್ಪೇಸ್’ ಎಂದು ಬಿದ್ದಿರುತ್ತದೆ. ಸಿ ಮೇಲೆ ರೈಟ್ ಕ್ಲಿಕ್ ಮಾಡಿದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮಂಕಾಗಿ, ಒತ್ತಲು ಬಾರದಂತೆ ಇರುತ್ತದೆ. ಹಸಿರು ಚೌಕಟ್ಟು ಆ ಎಕ್ಸ್‌ಟೆಂಡೆಡ್ ಪಾಲಿನದು. ಒಳಗಿನ ಮರಿಗಳನ್ನೆಲ್ಲ ತೆಗೆದ ಮೇಲೆ ಚೌಕಟ್ಟನ್ನೂ ತೆಗೆಯಬೇಕು, ಆಗ ಪಟ್ಟಿ ಕಪ್ಪಾಗುತ್ತದೆ, ‘ಅನ್‌ಅಲೊಕೇಟೆಡ್’ ಎಂದು ತೋರಿಸುತ್ತದೆ. ಆ ಕಪ್ಪು ಜಾಗ ಸಿಯ ಬಲಕ್ಕೆ, ಅಂಟಿಕೊಂಡಂತೆ ಇದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಿಕೊಳ್ಳುತ್ತದೆ. ನಡುವೆ ರಿಕವರಿ ಪಾಲು ಕೂತಿದ್ದರೆ ಇಲ್ಲ. ಅದನ್ನು ಮೌಸಿನಿಂದ ಅಳಿಸಲೂ ಬರುವುದಿಲ್ಲ. ಇಂಥ ಹೊತ್ತಿನಲ್ಲಿ ಅವರು ಜಿಪಾರ್ಟೆಡ್ ಎಂಬ ಸಾಫ್ಟ್‌ವೇರ್ ಇರುವ ಪೆನ್‌ಡ್ರೈವ್ ಚುಚ್ಚಿ ಅಡ್ಡ ಕೂತ ಪಾಲನ್ನು ಪಕ್ಕಕ್ಕೆ ಸರಿಸುತ್ತಾರೆ. ಸರಿಸುವಾಗ ಕರೆಂಟ್ ಹೋದರೆ ಕತೆ ಮುಗಿಯಿತು. ಮಲೆನಾಡಿನ ಮಳೆಗಾಲ ಗೊತ್ತಲ್ಲ, ಟೇಬಲ್ ಕೆಳಗೆ ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಅವರು ಕೈ ಹಾಕುವುದೇ ಇಲ್ಲ.

ಪೂರ್ತಿ ಖಾಲಿ ಮಾಡುವುದಾದರೆ ದಾರಿ ಬೇರೆ. ವಿಂಡೋಸ್ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಶಿಫ್ಟ್ ಎಫ್10 ಒತ್ತಿ, ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ತೆರೆಯುತ್ತಾರೆ. ‘ಲಿಸ್ಟ್ ಡಿಸ್ಕ್’ ಎಂದು ಟೈಪ್ ಮಾಡಿ ಬಂದ ಅಳತೆಗಳನ್ನು ಗಟ್ಟಿಯಾಗಿ ಓದುತ್ತಾರೆ: ‘ಸೊನ್ನೆ, ನಾನೂರ ಅರವತ್ತೈದು. ಒಂದು, ಹದಿನಾಲ್ಕು.’ ನಾನೂರ ಅರವತ್ತೈದು ಎಂದರೆ 500 ಜಿಬಿಯ ಹಾರ್ಡ್‌ಡಿಸ್ಕ್, ಹದಿನಾಲ್ಕು ಎಂದರೆ 16ರ ಪೆನ್‌ಡ್ರೈವ್. ಡಿಸ್ಕ್ ಬೇರೆ ಇನ್ನೊಂದಿದ್ದರೆ ಅದರ ಸಾಟಾ ಕೇಬಲನ್ನು ಮೊದಲೇ ಕಿತ್ತಿಟ್ಟಿರುತ್ತಾರೆ, ಯಾಕೆಂದರೆ ಮುಂದಿನ ಆಜ್ಞೆ ‘ನಿಜವಾಗಿಯೂ ಅಳಿಸಲೇ?’ ಎಂದು ಕೇಳುವುದಿಲ್ಲ. ‘ಕ್ಲೀನ್’ ಎಂದು ಹೊಡೆದರೆ ಕ್ಷಣದಲ್ಲಿ ಪಟ್ಟಿ ಹೋಗುತ್ತದೆ. ಬಹಳಷ್ಟು ಅಂಗಡಿಗಳ ಕೆಲಸ ಇಲ್ಲಿಗೆ ಮುಗಿಯಿತು. ಇವರು ಅದರ ಮುಂದೆ ‘ಆಲ್’ ಸೇರಿಸುತ್ತಾರೆ. ಆಗ ಡಿಸ್ಕಿನ ತುದಿಯಿಂದ ತುದಿಗೆ ಸೊನ್ನೆ ಬರೆಯುತ್ತ ಹೋಗುತ್ತದೆ. ಸೆಕೆಂಡಿಗೆ 100 ಎಂಬಿ ವೇಗ ಸಿಕ್ಕರೂ 500 ಜಿಬಿಗೆ ಒಂದೂಕಾಲು ಗಂಟೆ ಮೀರುತ್ತದೆ, ಮುದಿ ಡಿಸ್ಕಾದರೆ ಮಧ್ಯಾಹ್ನವೇ ಕಳೆಯುತ್ತದೆ. 35 ಸಲ ಬರೆದರೇ ಅಳಿಯುವುದು ಎಂಬ ನಂಬಿಕೆ ಪೀಟರ್ ಗಟ್‌ಮನ್ ಎಂಬುವರ 1996ರ ಪ್ರಬಂಧದಿಂದ ಹುಟ್ಟಿದ್ದು. ಈಗಿನ ಹಾರ್ಡ್‌ಡಿಸ್ಕಿಗೆ ಒಂದು ಸಲ ಸಾಕು. ಎಸ್‌ಎಸ್‌ಡಿಯ ವಿಚಾರ ಬೇರೆ, ಅದಕ್ಕೆ ತಯಾರಕರೇ ಇಟ್ಟಿರುವ ಸೆಕ್ಯೂರ್ ಇರೇಸ್ ಆಜ್ಞೆ ಬಳಸಬೇಕು.

ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾತ್ 158 ಹಳೆಯ ಹಾರ್ಡ್‌ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129ರಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಕ್ರೆಡಿಟ್ ಕಾರ್ಡ್ ನಂಬರುಗಳು 5000ಕ್ಕಿಂತ ಹೆಚ್ಚು ಸಿಕ್ಕವು. ಒಂದು ಡಿಸ್ಕಂತೂ ಎಟಿಎಂನಿಂದ ಬಂದಂತಿತ್ತು. ನಮ್ಮೂರಿನ ಡಿಸ್ಕುಗಳಲ್ಲಿ ಕ್ರೆಡಿಟ್ ಕಾರ್ಡ್ ಬದಲು ಆಧಾರ್ ಪ್ರತಿ, ಪಾಸ್‌ಬುಕ್ಕಿನ ಸ್ಕ್ಯಾನು, ಮಾರ್ಕ್ಸ್‌ಕಾರ್ಡು ಇರುತ್ತವೆ. ಸೈಬರ್ ಸೆಂಟರಿನಿಂದ, ಜೆರಾಕ್ಸ್ ಅಂಗಡಿಯಿಂದ ಬಂದ ಯಂತ್ರವಾದರೆ ಅರ್ಧ ಊರಿನದೇ ಇರಬಹುದು.

ಒಮ್ಮೆ ಶಿವಮೊಗ್ಗದ ಮುಚ್ಚಿದ ಡಿಟಿಪಿ ಸೆಂಟರಿನ ಕಂಪ್ಯೂಟರ್ ಅವರ ಕೈಗೆ ಬಂತಂತೆ. ಇ ಡ್ರೈವಿನಲ್ಲಿ ವರ್ಷವಾರು ಫೋಲ್ಡರು, ಅದರೊಳಗೆ ತಿಂಗಳು, ಅದರೊಳಗೆ ಲಗ್ನಪತ್ರಿಕೆಗಳು, ಪೇಜ್‌ಮೇಕರಿನಲ್ಲಿ, ನುಡಿ ಅಕ್ಷರದಲ್ಲಿ. ನುಡಿ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವಧೂವರರ ಹೆಸರೆಲ್ಲ ಇಂಗ್ಲಿಷ್ ಅಕ್ಷರಗಳ ಗೋಜಲು. ಸಾಮಾನ್ಯವಾಗಿ ಫೈಲು ಮುಟ್ಟದ ಇವರು ಅಂದು ಮಾರಿದವರ ನಂಬರು ಹುಡುಕಿ ಫೋನ್ ಮಾಡಿದರು. ‘ಕಾಪಿ ಬೇಕಾ ಸ್ವಾಮಿ?’ ಆ ಕಡೆಯವರು ಒಂದು ನಿಮಿಷ ಯೋಚಿಸಿ, ‘ಆ ಮಕ್ಕಳಿಗೀಗ ಮಕ್ಕಳಾಗಿರುತ್ವೆ ಬಿಡಿ, ಅಳಿಸಿ’ ಎಂದರಂತೆ. ಕೊಂಡವರು ಕೇಳಿದ್ದು ವಿಂಡೋಸ್ ಹೊಸದಾಗಿ ಹಾಕಿಕೊಡಿ ಎಂದಷ್ಟೇ. ಯಾರೂ ಕೇಳದ ಆ ಫೋನ್ ಕರೆಯನ್ನು ಈ ಕಸುಬಿನ ಭಾಗ ಎಂದೇ ನಾನು ಲೆಕ್ಕ ಹಾಕುತ್ತೇನೆ.

ಈಚೆಗೆ ಬೆಂಗಳೂರಿನ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಹೆಚ್ಚಾಗಿ ಬರುತ್ತಿವೆ. ನೋಡಲು ಗಟ್ಟಿ, ಬೆಲೆಯೂ ಕಡಿಮೆ. ಆದರೆ ಎಲ್ಲ ಪಾಲು ತೆಗೆದು ವಿಂಡೋಸ್ ಹೊಸದಾಗಿ ಹಾಕಿದರೂ, ಕೆಲವು ಇಂಟರ್ನೆಟ್ ಸಿಕ್ಕಿದ ಕೂಡಲೇ ಹಳೆಯ ಕಂಪನಿಯ ಹೆಸರು ತೋರಿಸಿ ಅಲ್ಲಿನ ಪಾಸ್‌ವರ್ಡ್ ಕೇಳುತ್ತವೆ. ಕಂಪನಿ ತನ್ನ ಯಂತ್ರಗಳನ್ನು ಮೈಕ್ರೋಸಾಫ್ಟ್‌ನಲ್ಲಿ ನೋಂದಾಯಿಸಿಟ್ಟು, ಮಾರುವಾಗ ತೆಗೆಸದೆ ಬಿಟ್ಟಿರುತ್ತದೆ. ಡಿಸ್ಕ್ ಬದಲಿಸಿದರೂ ಅದು ಹೋಗದು. ಹಾಗಾಗಿ ದುಡ್ಡು ಕೊಡುವ ಮೊದಲೇ, ಅಂಗಡಿಯಲ್ಲೇ ವೈಫೈ ಹಾಕಿಸಿ ನೋಡಿ ಎಂಬುದು ಅವರ ಸಲಹೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯ ಬಹುತೇಕ ಯಂತ್ರಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗದು. ಮನೆಯಲ್ಲಿ ಮಕ್ಕಳು ಟೈಪಿಂಗ್ ಕಲಿಯಲು, ಸಂಘದ ಲೆಕ್ಕ ಬರೆಯಲು ಧಾರಾಳ ಸಾಕಾಗುವ ಯಂತ್ರಗಳವು. ಗುಜರಿಗೆ ಹಾಕುವ ಮೊದಲು ಡಿಸ್ಕ್ ಖಾಲಿ ಮಾಡಿ ಲಿನಕ್ಸ್ ಮಿಂಟ್ ಹಾಕಿದರೆ ಇನ್ನೂ ಕೆಲವು ವರ್ಷ ಓಡುತ್ತವೆ. ಇದನ್ನವರು ಬಂದವರಿಗೆಲ್ಲ ಹೇಳುತ್ತಾರೆ, ಕೇಳುವವರು ಕಡಿಮೆ.

ಕಸುಬು ಮಾತ್ರ ಕರಗುತ್ತಿದೆ. ಈಗ ಬರುವವರ ಮಾತು ಒಂದೇ: ‘ಎಸ್‌ಎಸ್‌ಡಿ ಹಾಕಿಕೊಡಿ, ಹಳೇ ಹಾರ್ಡ್‌ಡಿಸ್ಕ್ ನೀವೇ ಇಟ್ಕೊಳ್ಳಿ.’ ಹಾಗೆ ಬಿಟ್ಟುಹೋದವು ಬಿಸ್ಕತ್ ಡಬ್ಬಿಯೊಂದರಲ್ಲಿ ತುಂಬಿವೆ. ಬಿಡುವಾದಾಗ ಒಂದೊಂದನ್ನೇ ಹಾಕಿ ಸೊನ್ನೆ ಬರೆಯುತ್ತಾರೆ. ತಿರುಗದೇ ಇರುವುದಕ್ಕೆ ಡ್ರಿಲ್ಲಿನಿಂದ ತೂತು. ಇದಕ್ಕೆ ಚಾರ್ಜು ಎಷ್ಟು ಎಂದೆ. ನಕ್ಕರು. ಫಾರ್ಮ್ಯಾಟಿಗೆ ಜನ ಕೊಡುತ್ತಾರೆ, ಅಳಿಸುವುದಕ್ಕೆ ಬಿಲ್ ಹಾಕಿದರೆ ‘ಅಲ್ಲೇನಿದೆ, ಖಾಲಿ ತಾನೆ’ ಅನ್ನುತ್ತಾರಂತೆ. ನಾನಿದ್ದಾಗಲೇ ಒಬ್ಬ ಹುಡುಗ ಬಂದ. ನಾಳೆ ಸಂಜೆ ಬಾ ಎಂದರು. ‘ಅಂಕಲ್, ಶಿವಮೊಗ್ಗದಲ್ಲಿ ಹತ್ತು ನಿಮಿಷದಲ್ಲಿ ಮಾಡಿಕೊಡ್ತಾರೆ’ ಅಂದ. ‘ಮಾಡ್ತಾರಪ್ಪ, ಹೋಗಿ ಬಾ’ ಎಂದು ಇವರೇ ಬಸ್ಸಿನ ಹೊತ್ತು ಹೇಳಿ ಕಳಿಸಿದರು.