ಸುಸ್ತೆಲ್ಲವೂ ಸೋಮಾರಿತನವಲ್ಲ: ಥೈರಾಯ್ಡ್ ಕೊರತೆಯನ್ನು ಗುರುತಿಸುವ ಬಗೆ

ಮಹಾನಗರಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುವ ಮಾತು ‘ಸುಸ್ತು’. ನಸುಕಿನಲ್ಲೇ ನಲ್ಲಿಯ ನೀರಿಗಾಗಿ ಏಳುವುದು, ಮಕ್ಕಳ ಶಾಲೆ, ರೈಲು-ಬಸ್ಸುಗಳ ನೂಕುನುಗ್ಗಲು, ಕಚೇರಿಯ ದುಡಿಮೆ ಇವೆಲ್ಲವೂ ಸುಸ್ತಿಗೆ ಕಾರಣಗಳೇ. ಆದುದರಿಂದಲೇ ಗೃಹಿಣಿಯೊಬ್ಬಳು ‘ಕೈಕಾಲೇ ಏಳುವುದಿಲ್ಲ’ ಎಂದಾಗ ಮನೆಯಲ್ಲಿ ಯಾರೂ ಬೆಚ್ಚುವುದಿಲ್ಲ. ಆದರೆ ರಾತ್ರಿಯಿಡೀ ಮಲಗಿದರೂ ತೀರದ, ರಜೆಯಲ್ಲಿ ಊರಿಗೆ ಹೋಗಿಬಂದರೂ ಕಳೆಯದ ಸುಸ್ತಿನ ಹಿಂದೆ ಕಾಯಿಲೆಯೊಂದು ಅಡಗಿರಬಹುದು. ಅಂತಹ ಕಾಯಿಲೆಗಳಲ್ಲಿ ಥೈರಾಯ್ಡ್ ಗ್ರಂಥಿಯ ಕೊರತೆ ಮುಖ್ಯವಾದುದು. ಅದನ್ನು ಪತ್ತೆಹಚ್ಚಲು ಬೇಕಾದುದು ಒಂದು ಸರಳ ರಕ್ತಪರೀಕ್ಷೆ. ಆದರೆ ಆ ಪರೀಕ್ಷೆಯವರೆಗೆ ತಲುಪಲು ಎಷ್ಟೋ ಮಂದಿಗೆ ವರ್ಷಗಳೇ ಹಿಡಿಯುತ್ತವೆ.

ಗ್ರಂಥಿಯ ಕಾರ್ಯ

ಕತ್ತಿನ ಮುಂಭಾಗದಲ್ಲಿ, ಗಂಟಲಗಂಟಿನ ಕೆಳಗೆ, ಚಿಟ್ಟೆಯ ಆಕಾರದ ಈ ಪುಟ್ಟ ಗ್ರಂಥಿಯಿದೆ. ಇದರ ತೂಕ ಸುಮಾರು 20 ಗ್ರಾಂ ಮಾತ್ರ. ಆಹಾರದಲ್ಲಿನ ಅಯೋಡಿನ್ ಅಂಶವನ್ನು ಬಳಸಿಕೊಂಡು ಇದು ತಯಾರಿಸುವ ಹಾರ್ಮೋನುಗಳು ರಕ್ತದ ಮೂಲಕ ಸರ್ವಾಂಗಗಳಿಗೂ ತಲುಪಿ, ದೇಹದ ಕಾವು, ಹೃದಯದ ಬಡಿತ, ಕರುಳಿನ ಚಲನೆ, ಮನಸ್ಸಿನ ಚುರುಕು ಇವೆಲ್ಲದರ ವೇಗವನ್ನು ನಿರ್ಧರಿಸುತ್ತವೆ. ಮೆದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಟಿ.ಎಸ್.ಎಚ್. ಎಂಬ ಹಾರ್ಮೋನಿನ ಮೂಲಕ ಥೈರಾಯ್ಡಿಗೆ ಆಜ್ಞೆಯೀಯುತ್ತದೆ. ಥೈರಾಯ್ಡ್ ಕುಂದಿದಷ್ಟೂ ಪಿಟ್ಯೂಟರಿಯ ಒತ್ತಾಯ ಹೆಚ್ಚುತ್ತದೆ. ಆದ್ದರಿಂದಲೇ ರಕ್ತದಲ್ಲಿ ಟಿ.ಎಸ್.ಎಚ್. ಏರಿರುವುದು ಥೈರಾಯ್ಡ್ ಸೋಲುತ್ತಿರುವುದರ ಕುರುಹು.

ಅಯೋಡಿನ್ ಕೊರತೆ ಒಂದು ಕಾರಣ. ಅದನ್ನು ನೀಗಿಸಲೆಂದೇ ಭಾರತ ಸರಕಾರವು 1962ರಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಅಯೋಡಿನ್‌ಯುಕ್ತ ಉಪ್ಪು ಬಳಸುವ ಮನೆಗಳಲ್ಲಿಯೂ ಈ ಕಾಯಿಲೆ ಬರುತ್ತದೆ. ದೇಹದ ರಕ್ಷಣಾವ್ಯವಸ್ಥೆಯೇ ತನ್ನ ಗ್ರಂಥಿಯ ಮೇಲೆ ತಿರುಗಿಬೀಳುವುದು ಅಲ್ಲಿನ ಮುಖ್ಯ ಕಾರಣ. ಈ ಬಗೆಯ ಗ್ರಂಥಿವಿಕಾರವನ್ನು 1912ರಲ್ಲಿ ಮೊದಲು ವರ್ಣಿಸಿದ ಜಪಾನಿನ ವೈದ್ಯ ಹಕಾರು ಹಶಿಮೋಟೊ ಅವರ ಹೆಸರೇ ಅದಕ್ಕೆ ನಿಂತಿದೆ.

ಮುಂಬಯಿ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರು ಸೇರಿ ಎಂಟು ನಗರಗಳಲ್ಲಿ 5,360 ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಅವರಲ್ಲಿ ಸುಮಾರು ಶೇಕಡಾ 11 ಮಂದಿಗೆ ಥೈರಾಯ್ಡ್ ಕೊರತೆಯಿತ್ತು. ಪುರುಷರಲ್ಲಿ ಇದರ ಪ್ರಮಾಣ ಸುಮಾರು ಶೇಕಡಾ 5, ಸ್ತ್ರೀಯರಲ್ಲಿ ಸುಮಾರು ಶೇಕಡಾ 16. ಇಷ್ಟು ವ್ಯಾಪಕವಾದುದು ಕಣ್ತಪ್ಪುವುದಾದರೂ ಹೇಗೆ?

ಮೊತ್ತ ಹಾಕದ ಲೆಕ್ಕ

ಇದಕ್ಕೆ ಉತ್ತರ ಕಾಯಿಲೆಯ ಸ್ವಭಾವದಲ್ಲಿಯೇ ಇದೆ. ಇದು ಜ್ವರದಂತೆ ಒಂದೇ ದಿನ ಬರುವುದಿಲ್ಲ. ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಅಡಿಯಿಡುತ್ತದೆ. ನಲವತ್ತರ ಗೃಹಿಣಿಯೊಬ್ಬಳ ವಿಷಯದಲ್ಲಿ ಅದು ಸಾಮಾನ್ಯವಾಗಿ ಸಾಗುವ ರೀತಿ ಹೀಗೆ. ಕೂದಲು ಉದುರತೊಡಗಿದಾಗ ನೀರಿನ ದೋಷವೆಂದು ಎಣ್ಣೆ ಬದಲಾಗುತ್ತದೆ. ಮಲಬದ್ಧತೆಗೆ ಚೂರ್ಣ ಬರುತ್ತದೆ. ಮುಟ್ಟಿನ ಸ್ರಾವ ಹೆಚ್ಚಿದಾಗ ‘ವಯಸ್ಸಾಯಿತಲ್ಲ’ ಎಂಬ ಸಮಾಧಾನ ದೊರೆಯುತ್ತದೆ. ತೂಕ ಏರಿದಾಗ ಅನ್ನ ಬಿಡಿಸಲಾಗುತ್ತದೆ. ಧ್ವನಿ ಒರಟಾಗುತ್ತದೆ, ಮುಖ ಊದಿಕೊಳ್ಳುತ್ತದೆ, ಚರ್ಮ ಒಣಗುತ್ತದೆ. ಒಲೆಯ ಮೇಲಿಟ್ಟ ಹಾಲು ಮರೆತು ಉಕ್ಕುತ್ತದೆ. ಮುಂಬಯಿಯ ಮೇ ತಿಂಗಳ ಬೇಗೆಯಲ್ಲಿ ಎಲ್ಲರೂ ಪಂಖದ ಕೆಳಗೆ ಕುಳಿತಿರುವಾಗ ಆಕೆ ಸೆರಗು ಹೊದ್ದು ದೂರ ಸರಿಯುತ್ತಾಳೆ. ಮನೆಯವರಿಗೆ ಅದು ತಮಾಷೆಯಾಗಿ ಕಾಣುತ್ತದೆ. ವೈದ್ಯರ ಮುಂದೆ ಹೇಳಬೇಕೆಂದು ಯಾರಿಗೂ ತೋಚುವುದಿಲ್ಲ.

ಒಂದೊಂದು ತೊಂದರೆಗೂ ಒಬ್ಬೊಬ್ಬ ವೈದ್ಯರು, ಒಂದೊಂದು ಔಷಧಿ. ಬಿಡಿ ನಮೂದುಗಳೆಲ್ಲ ಇದ್ದೂ ಕೊನೆಗೆ ಮೊತ್ತ ಹಾಕದ ಲೆಕ್ಕಪುಸ್ತಕದಂತಾಗುತ್ತದೆ ಆಕೆಯ ಸ್ಥಿತಿ. ಈ ನಡುವೆ ‘ಸೋಮಾರಿ’ ಎಂಬ ಬಿರುದೂ ಅಂಟಿಕೊಳ್ಳುತ್ತದೆ. ಕಾಯಿಲೆಯಿಂದಲೇ ಖಿನ್ನತೆಗೆ ಒಳಗಾದವಳಿಗೆ ಇದಕ್ಕಿಂತ ಕಠೋರವಾದ ಮಾತು ಇನ್ನಿಲ್ಲ.

ಪರಭಾಷಾ ಪ್ರಾಂತದಲ್ಲಿ ಇನ್ನೊಂದು ತೊಡಕಿದೆ. ಆಕೆ ಕನ್ನಡದಲ್ಲಿ ಹತ್ತು ಮಾತುಗಳಲ್ಲಿ ಹೇಳಿದುದು ಪತಿಯ ಇಲ್ಲವೇ ಮಗನ ಬಾಯಲ್ಲಿ ವೈದ್ಯರಿಗೆ ‘ಕಮ್‌ಜೋರಿ’ ಎಂಬ ಒಂದೇ ಮಾತಾಗಿ ತಲುಪುತ್ತದೆ. ಕಮ್‌ಜೋರಿಗೆ ದೊರೆಯುವ ಉತ್ತರ ಒಂದು ಸೀಸೆ ಟಾನಿಕ್. ದಿನವೊಂದಕ್ಕೆ ಹಲವು ಹತ್ತು ರೋಗಿಗಳನ್ನು ನೋಡುವ ವೈದ್ಯರಿಗೆ ಆ ಮಾತಿನ ಹಿಂದಿರುವ ಚಳಿ, ಮರೆವು, ಮಲಬದ್ಧತೆಗಳು ಕಾಣುವ ಬಗೆಯೆಂತು?

ವೈದ್ಯರ ಮುಂದೆ ಏನು ಹೇಳಬೇಕು?

ಆದ್ದರಿಂದ ವೈದ್ಯರಲ್ಲಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಲೇಸು. ಯಾವ ತೊಂದರೆ, ಎಂದಿನಿಂದ, ಮೊದಲು ಹೇಗಿತ್ತು, ಈಗ ಹೇಗಿದೆ. ಕಳೆದ ವರ್ಷದ ತೂಕವೆಷ್ಟು, ಈಗೆಷ್ಟು. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಥೈರಾಯ್ಡ್ ತೊಂದರೆಯಿದೆಯೇ ಎಂಬುದನ್ನೂ ನಮೂದಿಸಬೇಕು. ಬಳಿಕ ‘ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬಹುದೇ?’ ಎಂದು ವಿನಯದಿಂದ, ಆದರೆ ಸ್ಪಷ್ಟವಾಗಿ ಕೇಳಬೇಕು. ಹಾಗೆ ಕೇಳುವುದು ಅವಿನಯವಲ್ಲ.

ಈ ಪರೀಕ್ಷೆಯ ಸಾಮಾನ್ಯ ಮಿತಿ ಸುಮಾರು 0.4ರಿಂದ 4ರವರೆಗೆ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅಲ್ಪಸ್ವಲ್ಪ ವ್ಯತ್ಯಾಸವಿರುತ್ತದೆ. ಟಿ.ಎಸ್.ಎಚ್. ಏರಿ, ಟಿ-4 ಎಂಬ ಹಾರ್ಮೋನು ತಗ್ಗಿದ್ದರೆ ರೋಗ ಖಚಿತ. ಟಿ.ಎಸ್.ಎಚ್. 10ರೊಳಗೆ ಇದ್ದು ಟಿ-4 ಸರಿಯಾಗಿದ್ದರೆ ಎಲ್ಲರಿಗೂ ಔಷಧಿ ಬೇಕಾಗದು. ಕೆಲವು ವಾರಗಳ ನಂತರ ಮತ್ತೊಮ್ಮೆ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ. ವರದಿಗಳನ್ನು ಪಾಸ್‌ಬುಕ್ಕಿನಷ್ಟೇ ಜೋಪಾನವಾಗಿ ಕಾಯ್ದಿಡಬೇಕು. ವರ್ಗಾವಣೆಯಾಗಿ ಊರು ಬದಲಾದಾಗ ಹೊಸ ವೈದ್ಯರಿಗೆ ಅವೇ ದಾರಿ ತೋರುತ್ತವೆ.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ಅಲ್ಲಿಗೆ ನಿಲ್ಲಲಾಗದು. ರಕ್ತಹೀನತೆ, ಸಕ್ಕರೆ ಕಾಯಿಲೆ, ನಿದ್ರಾದೋಷ, ಮನೋವ್ಯಥೆ ಇವೂ ಸುಸ್ತಿಗೆ ಕಾರಣಗಳು. ಅವುಗಳನ್ನೂ ಶೋಧಿಸುವಂತೆ ಕೇಳಬೇಕು.

ಮಾತ್ರೆ ಮತ್ತು ಕಾಫಿ

1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ವೈದ್ಯ ಜಾರ್ಜ್ ಮರ್ರೆ, 46 ವರ್ಷದ ರೋಗಿಣಿಯೊಬ್ಬಳಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ನೀಡಿದರು. ಆಕೆ ಚೇತರಿಸಿಕೊಂಡು 1919ರವರೆಗೆ ಬದುಕಿದಳು. ಇಂದು ಅಷ್ಟು ಶ್ರಮ ಬೇಕಿಲ್ಲ. ಲೀವೊಥೈರಾಕ್ಸಿನ್ ಎಂಬ ಪುಟ್ಟ ಮಾತ್ರೆ ಎಲ್ಲೆಡೆ ದೊರೆಯುತ್ತದೆ, ಬೆಲೆಯೂ ದುಬಾರಿಯಲ್ಲ.

ಆದರೆ ಅದಕ್ಕೊಂದು ಕ್ರಮವಿದೆ. ಮುಂಜಾನೆ ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಬೇರೇನನ್ನೂ ಸೇವಿಸಬಾರದು. ಎದ್ದೊಡನೆ ಫಿಲ್ಟರ್ ಕಾಫಿ ಕುಡಿಯುವ ಕನ್ನಡಿಗರಿಗೆ ಇದು ಕಠಿಣ ನಿಯಮವೇ ಸರಿ. ಆದರೆ ಕಾಫಿಯೊಡನೆ ನುಂಗಿದ ಮಾತ್ರೆ ಪೂರ್ತಿಯಾಗಿ ಮೈಗೂಡುವುದಿಲ್ಲ. ಕಬ್ಬಿಣಾಂಶದ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ನಾಲ್ಕು ಗಂಟೆಗಳ ಅಂತರದಲ್ಲಿ ಸೇವಿಸಬೇಕು. ಆರರಿಂದ ಎಂಟು ವಾರಗಳ ಬಳಿಕ ಮರುಪರೀಕ್ಷೆ ಮಾಡಿಸಿ ಪ್ರಮಾಣವನ್ನು ಹೊಂದಿಸಬೇಕು. ಮೈ ಹಗುರವಾಯಿತೆಂದು ಮಾತ್ರೆ ಬಿಡುವುದು ತಪ್ಪು. ಬಹುಮಂದಿಗೆ ಇದು ಜೀವನಪರ್ಯಂತದ ಚಿಕಿತ್ಸೆ. ತೂಕ ಇಳಿಸಲೆಂದು ನೆರೆಮನೆಯವರ ಮಾತ್ರೆ ನುಂಗುವುದಂತೂ ಹೃದಯಕ್ಕೆ ಅಪಾಯಕರ.

ಗರ್ಭಿಣಿಯರ ವಿಷಯದಲ್ಲಿ ವಿಳಂಬ ಸಲ್ಲದು. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಹಾರ್ಮೋನೇ ಆಧಾರ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ಗರ್ಭ ನಿಂತೊಡನೆ ವೈದ್ಯರಿಗೆ ತಿಳಿಸಬೇಕು, ಪ್ರಮಾಣ ಹೆಚ್ಚಿಸಬೇಕಾಗಬಹುದು. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಮಾಡುವ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿಯೂ ತಾನಾಗಿ ನಡೆಯುವುದಿಲ್ಲ. ತಂದೆತಾಯಿಗಳೇ ಕೇಳಿ ಮಾಡಿಸಬೇಕು. ಮೊದಲ ಎರಡು ವಾರಗಳೊಳಗೆ ಚಿಕಿತ್ಸೆ ದೊರೆತರೆ ಬುದ್ಧಿಮಾಂದ್ಯವನ್ನು ತಡೆಗಟ್ಟಬಹುದು.

ಮನೆಮಂದಿಗೆಲ್ಲ ಊಟ ಬಡಿಸಿದ ಬಳಿಕವೇ ತಟ್ಟೆಯ ಮುಂದೆ ಕೂರುವ ಸ್ತ್ರೀ ತನ್ನ ಕಾಯಿಲೆಯನ್ನೂ ಕೊನೆಯ ಸರದಿಗೇ ಇಟ್ಟಿರುತ್ತಾಳೆ. ಆಕೆ ‘ಮೊದಲಿನಂತಿಲ್ಲ’ ಎಂದಾಗ ಆ ಮಾತನ್ನು ನಂಬುವುದು ಮನೆಯವರ ಮೊದಲ ಕರ್ತವ್ಯ. ಔಷಧೋಪಚಾರ ಅಲ್ಲಿಂದಲೇ ಆರಂಭವಾಗುತ್ತದೆ.