ಮಗಳು ಆರ್ಕಿಟೆಕ್ಚರ್ ಸಂದರ್ಶನಕ್ಕೆ ಹೊರಟಿದ್ದಾಳಾ?

ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ಮನೆಮನೆಯಲ್ಲೂ ಒಂದೇ ಚರ್ಚೆ. ಇಂಜಿನಿಯರಿಂಗಾ, ಮೆಡಿಕಲ್ಲಾ? ಅದರ ನಡುವೆ ಮಗಳು ಮೆಲ್ಲಗೆ ‘ಅಮ್ಮಾ, ನಾನು ಆರ್ಕಿಟೆಕ್ಚರ್ ಮಾಡ್ತೇನೆ’ ಅಂದರೆ ಗಾಬರಿಯಾಗಬೇಡಿ. ನಮ್ಮ ಮಣಿಪಾಲದಲ್ಲೇ 1978ರಿಂದ ಇದನ್ನು ಕಲಿಸುತ್ತಿದ್ದಾರೆ. ಐದು ವರ್ಷದ ಕೋರ್ಸು, ಪಿಯುಸಿಯಲ್ಲಿ ಗಣಿತ ಓದಿರಲೇಬೇಕು.

ನಮ್ಮ ರಾಜ್ಯದಲ್ಲಿ ಹೆಚ್ಚಿನ ಸೀಟುಗಳು ಸಿಗುವುದು ‘ನಾಟಾ’ ಪರೀಕ್ಷೆ ಮತ್ತು ಪಿಯುಸಿ ಅಂಕಗಳ ಮೇಲೆ. ಸಂದರ್ಶನ ಇರುವುದು ಕೆಲವು ಖಾಸಗಿ ಸಂಸ್ಥೆಗಳಲ್ಲಿ, ಮತ್ತೆ ಕೇಂಬ್ರಿಡ್ಜ್‌ನಂಥ ವಿದೇಶಿ ವಿಶ್ವವಿದ್ಯಾಲಯಗಳಲ್ಲಿ. ಹಾಗಂತ ತಯಾರಿ ವ್ಯರ್ಥವೇನಲ್ಲ. ಸೇರಿದ ಮೇಲೂ ತಾನು ಬರೆದ ಪ್ಲಾನನ್ನು ಗೋಡೆಗೆ ಅಂಟಿಸಿ, ಮೇಷ್ಟ್ರುಗಳೆದುರು ನಿಂತು ವಿವರಿಸುವ ‘ಜ್ಯೂರಿ’ ಇದ್ದದ್ದೇ.

ಮೊದಲ ಪ್ರಶ್ನೆ ಸಾಮಾನ್ಯವಾಗಿ ‘ಆರ್ಕಿಟೆಕ್ಚರೇ ಯಾಕೆ?’ ‘ಚಂದದ ಮನೆ ಕಟ್ಟುವ ಆಸೆ’ ಅಂತ ಎಲ್ಲರೂ ಹೇಳುತ್ತಾರೆ. ಇದನ್ನು ನೀವೇ ಮನೆಯಲ್ಲಿ ಮೊದಲು ಕೇಳಿಬಿಡಿ, ಬೈಯದೆ ಕೇಳಿ. ಇಂಜಿನಿಯರಿಂಗ್ ಸೀಟು ಸಿಗಲಿಲ್ಲವೆಂದು ಇದಕ್ಕೆ ಹೊರಟಿದ್ದಾಳೋ? ಗೆಳತಿ ಸೇರಿದಳೆಂದೋ? ರಾತ್ರಿಯಿಡೀ ಕೂತು ಮಾಡೆಲ್ ಅಂಟಿಸುವ ಓದು ಇದು, ಫೀಸೂ ಕಮ್ಮಿಯಲ್ಲ. ಎರಡನೇ ವರ್ಷದಲ್ಲಿ ‘ಬೇಡ’ ಅನ್ನುವುದಕ್ಕಿಂತ ಈಗಲೇ ಅಂದರೆ ಒಳ್ಳೆಯದಲ್ಲವೇ?

ಇಷ್ಟವಿದೆ ಅಂತಾದರೆ ಗೈಡು ಬದಿಗಿಟ್ಟು ಊರು ನೋಡಲು ಕಳಿಸಿ. ಕಾರ್ಕಳದ ಚತುರ್ಮುಖ ಬಸದಿಗೆ ಹೋಗಲಿ. 1586ರಲ್ಲಿ ಕಟ್ಟಿದ್ದು, 108 ಕಂಬಗಳು, ನಾಲ್ಕು ದಿಕ್ಕಿಗೂ ಒಂದೇ ತರಹದ ಬಾಗಿಲು. ಹಾಗಾದರೆ ಅದರ ಮುಂಭಾಗ ಯಾವುದು, ಹಿಂಭಾಗ ಯಾವುದು? ಎದುರು ಗುಡ್ಡದ ಮೇಲೆ 42 ಅಡಿಯ ಗೊಮ್ಮಟ. ಬಸದಿಯ ಜಗಲಿಯಿಂದ ಅದು ಹೇಗೆ ಕಾಣುತ್ತದೆಂದು ಅಲ್ಲೇ ಕೂತು ಗೀಚಲಿ. ಕಾಪುವಿನ ದೀಪಸ್ತಂಭ 1901ರದ್ದು. ಸಮುದ್ರದ ಗಾಳಿಗೆ ಬಂಡೆಯ ಮೇಲೆ ಅದು ಹೇಗೆ ನಿಂತಿದೆ? ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಂತೂ ಬೇರೆ ಬೇರೆ ಊರುಗಳ ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅದನ್ನು ಕಟ್ಟಿದ ವಿಜಯನಾಥ ಶೆಣೈಯವರು ಬ್ಯಾಂಕಿನಲ್ಲಿದ್ದವರು, ಆರ್ಕಿಟೆಕ್ಟ್ ಅಲ್ಲವೇ ಅಲ್ಲ!

ಆಮೇಲೆ ನಿಮ್ಮದೇ ಮನೆ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯಲ್ಲಿ ಅಜ್ಜಿಮನೆಯ ಹಂಚಿನ ಮಾಡು ಅಷ್ಟು ಇಳಿಜಾರು ಯಾಕೆ, ಸೂರು ಅಷ್ಟು ಮುಂದೆ ಚಾಚಿದ್ದು ಯಾಕೆ? ನಾವು ತಾರಸಿ ಮನೆ ಕಟ್ಟಿ, ನಾಲ್ಕು ವರ್ಷಕ್ಕೆ ಅದರ ಮೇಲೆ ಶೀಟು ಹೊದಿಸಿದ್ದು ಯಾಕೆ? ಆಟಿ ತಿಂಗಳಲ್ಲಿ ಬಟ್ಟೆ ಎಲ್ಲಿ ಒಣಗುತ್ತದೆ, ಒಗ್ಗರಣೆ ಘಾಟು ಯಾವ ಕಿಟಕಿಯಿಂದ ಹೊರಹೋಗುತ್ತದೆ? ಇದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾತ್ರೆ ತೊಳೆಯುತ್ತಲೇ ಒಂದೊಂದು ಪ್ರಶ್ನೆ ಹಾಕಿ, ಉತ್ತರಕ್ಕೆ ಮತ್ತೆ ‘ಯಾಕೆ?’ ಅನ್ನಿ. ಸಂದರ್ಶನದಲ್ಲಿ ಅವರು ಮಾಡುವುದೂ ಇದನ್ನೇ.

ಚಿತ್ರಗಳ ಫೈಲು ದಪ್ಪವಿದ್ದರೆ ಸಾಲದು. ಕ್ಯಾಲೆಂಡರ್ ನೋಡಿ ಬರೆದ ಸೂರ್ಯಾಸ್ತ, ಡ್ರಾಯಿಂಗ್ ಟೀಚರ್ ತಿದ್ದಿಕೊಟ್ಟ ಚಿತ್ರ ಎರಡೂ ಬೇಡ. ಕಣ್ಣಾರೆ ನೋಡಿ ಬರೆದದ್ದಿರಲಿ, ದಿನಾಂಕ ಹಾಕಲಿ. ಅಳಿಸಿ ತಿದ್ದಿದ ಕರಡೂ ಒಂದೆರಡಿರಲಿ, ಯೋಚಿಸಿದ್ದು ಅದರಲ್ಲೇ ಕಾಣುವುದು. ಇಷ್ಟದ ಆರ್ಕಿಟೆಕ್ಟ್ ಯಾರೆಂದೂ ಕೇಳಬಹುದು. 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಬಿ.ವಿ. ದೋಶಿಯವರ ಹೆಸರು ಹೇಳುವುದಾದರೆ, ಅವರ ಒಂದು ಕಟ್ಟಡದ ಬಗ್ಗೆಯಾದರೂ ಮಾತಾಡಲು ಬರಬೇಕು.

ಇಂಗ್ಲಿಷ್ ತಡವರಿಸಿದರೆ ಚಿತ್ರದ ಮೇಲೆ ಬೆರಳಿಟ್ಟು ಹೇಳಲಿ. ಜೊತೆಗೆ ಹೋದ ಅಪ್ಪ ಮಾತ್ರ ಅವಳ ಪರವಾಗಿ ಉತ್ತರ ಕೊಡುವುದು ಬೇಡ. ಅಡ್ಮಿಶನ್ ಸಮಯಕ್ಕೆ ಮಳೆ ಹಿಡಿದಿರುತ್ತದೆ, ಫೈಲಿಗೆ ದಪ್ಪ ಪ್ಲಾಸ್ಟಿಕ್ ಕವರ್ ಹಾಕಿಕೊಡಿ.